ವಿಷಯ: ಹೊಂಡದ ಗೋಡೆಯ ಪಾಚಿ

ಪಾಚಿ ಎಂಬ ಪದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮಲ್ಲಿ ನೀರಿನ ಹತ್ತಿರ ಹಸಿರಾಗಿ ಜಾರುವುದೆಲ್ಲವೂ ಪಾಚಿಯೇ. ಕೆರೆಯ ಮೇಲೆ ತೇಲುವುದು ಪಾಚಿ, ತೊಟ್ಟಿಯ ಒಳಗೆ ಕಟ್ಟುವುದು ಪಾಚಿ, ಬಚ್ಚಲಿನ ಮೂಲೆಯದ್ದು ಪಾಚಿ, ಸರಿಯಾಗಿ ತಿಕ್ಕದ ಹಲ್ಲಿನ ಮೇಲಿನದ್ದೂ ಪಾಚಿ. ನಾನು ಏಳು ವರ್ಷ ಹುಡುಕಿಕೊಂಡು ಅಲೆದದ್ದು ಇದ್ಯಾವುದೂ ಅಲ್ಲ. ಕಲ್ಲಿನ ಮೇಲೆ, ಒದ್ದೆ ಮಣ್ಣಿನ ಮೇಲೆ, ಉಗುರಿನಷ್ಟು ಎತ್ತರಕ್ಕೂ ಏಳದ ಗಿಡಗಳು ನನ್ನವು. ಹೂವಿಲ್ಲ, ನಿಜವಾದ ಬೇರಿಲ್ಲ, ಆದರೂ ಗಿಡಗಳೇ. ಪಠ್ಯಪುಸ್ತಕದಲ್ಲಿ ಅವಕ್ಕೆ ಹಾವಸೆ ಎಂಬ ಚೆಂದದ ಹೆಸರಿದೆ. ಹೊಸಪೇಟೆಯಲ್ಲಿ ಯಾರ ಮುಂದಾದರೂ ಹಾವಸೆ ಎಂದು ಹೇಳಿ ನೋಡಿ, "ಹಾವಾ? ಎಲ್ಲೈತ್ರಿ?" ಎಂದು ಕಾಲು ಎತ್ತಿಬಿಡುತ್ತಾರೆ.

ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಎಷ್ಟು ವರ್ಷ ಇದ್ದರೂ ಮನೆಯವರಾಗುವುದಿಲ್ಲ ಎಂದರ್ಥ. ಪಿಎಚ್‌ಡಿ ಆದರೆ ಏನಾದರೂ ದಾರಿ ಸಿಕ್ಕೀತು ಎಂದು ಸೇರಿಕೊಂಡಾಗ ಗೈಡ್ ಈ ವಿಷಯ ಕೊಟ್ಟರು. ಬಳ್ಳಾರಿ ಸೀಮೆಯ ಬಿಸಿಲಿಗೆ, ಅದಿರಿನ ಧೂಳಿಗೆ ಹಾವಸೆ ಎಲ್ಲಿ ಬದುಕುತ್ತದೆ ಎಂದು ವಿಚಾರ ಸಂಕಿರಣಗಳಲ್ಲಿ ಜನ ಮುಸಿಮುಸಿ ನಗುತ್ತಿದ್ದರು. "ಇಲ್ಲಿ ಯಾರೂ ಬಗ್ಗಿ ನೋಡಿಲ್ರಿ ಅಷ್ಟ. ನೋಡಿಲ್ಲ ಅಂದ್ರ ಇಲ್ಲ ಅಂತ ಅಲ್ಲ," ಎಂದು ಗೈಡ್ ಹೇಳಿದ್ದರು. ಆ ಒಂದು ಮಾತಿಗೆ ನಾನು ಬಿದ್ದೆ.

ಬಗ್ಗಿ ನೋಡುವುದೇ ಕೆಲಸವಾಯಿತು. ರಜೆ ಬಂದರೆ ಬಸ್ಸು ಹತ್ತುವುದು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ, ಚೀಲದಲ್ಲಿ ಒಂದು ಚಾಕು ಮತ್ತು ಹಳೆಯ ಪೇಪರಿನಲ್ಲಿ ಮಡಿಸಿದ ಪೊಟ್ಟಣಗಳು. ಎಮ್ಮಿಗನೂರಿನಲ್ಲಿ, ಬುಕ್ಕಸಾಗರದಲ್ಲಿ ಭತ್ತ ಕೊಯ್ದ ಮೇಲೆ ಗದ್ದೆಯ ಒದ್ದೆ ಮಣ್ಣಿಗೆ ಅಂಟಿಕೊಂಡು ಚಪ್ಪಟೆಯ ಹಸಿರು ಸಸ್ಯಗಳು ಬರುತ್ತವೆ, ನಾಣ್ಯದಷ್ಟು ದುಂಡಗೆ, ಅಂಚು ಕವಲೊಡೆದು. ಅವೂ ಹಾವಸೆಯ ಬಳಗವೇ. ಬುಕ್ಕಸಾಗರದ ಒಂದು ಬದುವಿನ ಮೇಲೆ ಮೊಣಕಾಲೂರಿ ಕೂತಿದ್ದಾಗ ಹಾದುಹೋಗುತ್ತಿದ್ದ ಒಬ್ಬ ಹೆಂಗಸು, "ಓಲೆ ಬಿದ್ದೈತೇನ್ರಿ?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ತಾನೂ ಕೂತು ಹುಡುಕತೊಡಗಿದಳು. ಗಿಡ ನೋಡುತ್ತಿದ್ದೇನೆ ಎಂದರೂ ನಂಬಲಿಲ್ಲ. ಚಿನ್ನ ಕಳೆದುಕೊಂಡದ್ದನ್ನು ಹೇಳಲು ನಾಚುತ್ತಿದ್ದೇನೆ ಎಂದುಕೊಂಡು ಬಹಳ ಹೊತ್ತು ಹುಡುಕಿ, ಪಾಪ, ಬೇಜಾರು ಮಾಡಿಕೊಂಡು ಹೋದಳು. ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ಪಾಚಿ ಮೇಡಂ ಎನ್ನುತ್ತಿದ್ದರೂ ನಗು ಬರುತ್ತಿತ್ತು.

ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಸಂಡೂರಿನ ಕಡೆ, ಗುಡ್ಡದ ಬುಡದಲ್ಲಿ, ಒಂದು ಹಳೆಯ ಕಲ್ಲಿನ ಹೊಂಡ ಸಿಕ್ಕಿತು. ಮೆಟ್ಟಿಲು ಇಳಿದು ಹೋದರೆ ದಕ್ಷಿಣದ ಗೋಡೆಗೆ ವರ್ಷವಿಡೀ ಬಿಸಿಲು ತಾಗುವುದಿಲ್ಲ, ಕಲ್ಲಿನ ಸಂದಿಗಳಿಂದ ನೀರು ಜಿನುಗುತ್ತಲೇ ಇರುತ್ತದೆ. ಜನ ಅಲ್ಲಿಗೆ ಬರುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಆ ಗೋಡೆಯ ಒಂದು ಮೂಲೆಯಲ್ಲಿ, ನಾಲ್ಕು ಅಂಗೈ ಅಗಲದ ಜಾಗದಲ್ಲಿ, ನಾನು ಎಲ್ಲಿಯೂ ನೋಡದ ಒಂದು ಹಾವಸೆ ಇತ್ತು. ಎಲೆಗಳು ಎರಡೇ ಸಾಲಿನಲ್ಲಿ ಎದುರುಬದುರಾಗಿ ಕೂತಿದ್ದವು, ಅಂಚಿನಲ್ಲಿ ಒಂದು ಕಂದು ಗೆರೆ. ಎರಡು ಬೆರಳಿನ ಚಿವುಟಿನಷ್ಟು ಮಾತ್ರ ಎತ್ತಿಕೊಂಡೆ. ಹೆಚ್ಚು ಕೀಳಬಾರದು ಎಂಬುದು ಈ ಕೆಲಸದ ಮೊದಲ ನಿಯಮ.

ಗೈಡ್ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತುಂಬಾ ಹೊತ್ತು ನೋಡಿದರು. ಆಮೇಲೆ ಪುಸ್ತಕಗಳನ್ನು ತೆಗೆದು ಒಂದೊಂದೇ ಪುಟ ತಿರುವಿದರು. "ಇದು ಯಾವ ಪಟ್ಟಿಗೂ ಕೂಡಂಗಿಲ್ರಿ. ಖರೇನ ಹೊಸದು ಇರಬಹುದು. ಆದ್ರ ಕಾಯಿ ಇಲ್ಲಲ್ರಿ," ಎಂದರು. ಹಾವಸೆ ಮಳೆಗಾಲ ಮುಗಿಯುವ ಹೊತ್ತಿಗೆ ಕೂದಲಿನಂಥ ದಂಟಿನ ತುದಿಯಲ್ಲಿ ಸಣ್ಣ ಕಾಯಿ ಬಿಡುತ್ತದೆ. ಅದರ ಬಾಯಿಯ ಸುತ್ತ ಹಲ್ಲುಗಳಿರುತ್ತವೆ. ಆ ಹಲ್ಲು ನೋಡದೆ ಇದು ಇಂಥದ್ದೇ ಎಂದು ಯಾರೂ ಹೆಸರು ಕೊಡುವುದಿಲ್ಲ. ಆ ವರ್ಷ ಮಳೆ ಬೇಗ ಹಿಂತೆಗೆದಿತ್ತು, ಕಾಯಿ ಬರಲೇ ಇಲ್ಲ. "ಬರೋ ವರ್ಷ ನೋಡೂಣು. ಅಲ್ಲೀತನ ಗೋಡಿ ಮುಟ್ಟಬ್ಯಾಡ್ರಿ," ಎಂದು ಗೈಡ್ ಹೇಳಿ ಕಳಿಸಿದರು.

ನನಗೆ ಅದು ಬೇಕಿತ್ತು. ಉಳಿದ ನನ್ನ ಪ್ರಬಂಧವೆಲ್ಲ ಬರೀ ಪಟ್ಟಿ, ಇಂಥ ಊರಿನಲ್ಲಿ ಇಂಥದ್ದು ಎಂಬ ಲೆಕ್ಕ. ಈ ಒಂದು ಗಿಡಕ್ಕೆ ಹೆಸರು ಸಿಕ್ಕರೆ ಅದನ್ನು ಮೊದಲು ಕಂಡವಳು ನಾನಾಗುತ್ತಿದ್ದೆ. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ ಅದೇ ಕುರ್ಚಿಯಲ್ಲಿ ಕೂರುವ ಹೆಂಗಸಿಗೆ ಆ ಆಸೆ ತಪ್ಪೆಂದು ನನಗೆ ಅನಿಸಿರಲಿಲ್ಲ.

ಆಸೆ ಹುಟ್ಟಿದ ಹಿಂದೆಯೇ ಭಯವೂ ಹುಟ್ಟಿತು. ಮುಂದಿನ ಬೇಸಿಗೆಯಲ್ಲಿ ಹಂಪಿಯ ದಾರಿಯ ಒಂದು ಹಳೆಯ ಕಾಲುವೆಯ ಬಳಿ ಇಳಿದಾಗ, ನಾನು ಎರಡು ವರ್ಷದಿಂದ ನೋಡಿಕೊಂಡು ಬಂದಿದ್ದ ಕಲ್ಲುಕಟ್ಟೆ ಬೋಳಾಗಿತ್ತು. ಮದುವೆಗೆ ಮೊದಲಿನ ಫೋಟೊ ತೆಗೆಸಲು ಬಂದವರು, ಮದುಮಗಳ ಸೀರೆಗೆ ಹಸಿರು ತಾಗುತ್ತದೆಂದು ಕೆರೆದುಹಾಕಿದ್ದರಂತೆ. ಅಲ್ಲಿದ್ದದ್ದು ಸಾಧಾರಣ ಜಾತಿ, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಸಂಡೂರಿನ ಹೊಂಡ ನೆನಪಾಯಿತು. ಅದರ ಉಸ್ತುವಾರಿ ಇದ್ದ ಕಚೇರಿಗೆ ಒಂದು ಪತ್ರ ಬರೆದು ಗೋಡೆಯನ್ನು ಕಾಪಾಡಿಕೊಳ್ಳೋಣ ಎಂಬ ಬುದ್ಧಿ ಬಂದದ್ದು ಆಗ.

ಅರ್ಜಿ ಬರೆಯುವುದನ್ನು ನಮಗೆ ಶಾಲೆಯಲ್ಲೇ ಅರೆದು ಕುಡಿಸಿರುತ್ತಾರೆ. ಇವರಿಂದ, ಇವರಿಗೆ, ಮಾನ್ಯರೇ, ಅದರ ಕೆಳಗೆ ಗೆರೆ ಎಳೆದು ವಿಷಯ. ಮೊದಲು 'ಹಾವಸೆ ಸಸ್ಯಗಳ ಸಂರಕ್ಷಣೆಯ ಕುರಿತು' ಎಂದು ಬರೆದೆ. ಬರೆದು ನೋಡಿದರೆ, ಗುಮಾಸ್ತರು ಇದನ್ನು ಓದಿ ಹಾವು ಹಿಡಿಯುವವರನ್ನು ಕಳಿಸಿಯಾರು ಎನಿಸಿ ನಗು ಬಂತು. ಹೊಡೆದುಹಾಕಿ, ಜನರಿಗೆ ತಿಳಿಯುವ ಮಾತಿನಲ್ಲಿ 'ಹೊಂಡದ ಗೋಡೆಯ ಪಾಚಿಯ ಕುರಿತು' ಎಂದು ಬರೆದೆ. ಚಿಕ್ಕದು, ಚೊಕ್ಕದು. ವಿಜ್ಞಾನವನ್ನು ಸರಳ ಕನ್ನಡಕ್ಕೆ ತಂದೆ ಎಂದು ಒಳಗೊಳಗೇ ಬೀಗಿದೆ. ಆಮೇಲೆ ಎರಡು ಪುಟ ತುಂಬ ಆ ಗಿಡ ಎಷ್ಟು ಅಪರೂಪ, ದೀಪಾವಳಿಯವರೆಗೆ ಗೋಡೆಯನ್ನು ಯಾಕೆ ಮುಟ್ಟಬಾರದು ಎಂದೆಲ್ಲ ವಿವರಿಸಿದೆ. ಕೊನೆಗೆ, 'ಈ ಬಗ್ಗೆ ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೇಳಿಕೊಳ್ಳುತ್ತೇನೆ' ಎಂದು ಮುಗಿಸಿದೆ. ಎಲ್ಲ ಅರ್ಜಿಗಳೂ ಹಾಗೆಯೇ ಮುಗಿಯುತ್ತವೆ. ಕೈ ತಾನಾಗಿಯೇ ಬರೆಯಿತು.

ಆ ಸಲ ಮಳೆ ಚೆನ್ನಾಗಿ ಹಿಡಿಯಿತು. ಪರೀಕ್ಷೆ, ಮೌಲ್ಯಮಾಪನ ಎಂದು ತಿಂಗಳೊಪ್ಪತ್ತು ನನಗೆ ಹೊಂಡದ ಕಡೆ ಹೋಗಲಾಗಲಿಲ್ಲ. ದಸರಾ ರಜೆ ಶುರುವಾದ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಕಾಯಿ ಬಿಟ್ಟಿರುತ್ತದೆ ಎಂಬ ಖಾತ್ರಿಯಲ್ಲಿ ಹೊಸ ಪೊಟ್ಟಣಗಳನ್ನು ಮಡಿಸಿ ಇಟ್ಟುಕೊಂಡಿದ್ದೆ.

ದೂರದಿಂದಲೇ ಬ್ಲೀಚಿಂಗ್ ಪುಡಿಯ ವಾಸನೆ ಬಂತು. ಹೊಂಡದ ಮೆಟ್ಟಿಲ ಮೇಲೆ ಮೂವರು ಹೆಂಗಸರು ಕೂತು ಬುತ್ತಿ ಬಿಚ್ಚಿದ್ದರು. ಪಕ್ಕದಲ್ಲಿ ಬಕೆಟ್ಟು, ತಂತಿ ಬ್ರಶ್ಶು. ನಾಲ್ಕೂ ಗೋಡೆಗಳು ಬಿಳಿಚಿಕೊಂಡು ನಿಂತಿದ್ದವು. ನಾನು ದಕ್ಷಿಣದ ಮೂಲೆಗೆ ಓಡಿ ಭೂತಗನ್ನಡಿ ಹಿಡಿದು ಸಂದಿಸಂದಿಯನ್ನೂ ಹುಡುಕಿದೆ. ಕಲ್ಲಿನ ಮೇಲೆ ತಂತಿಯ ಗೀರುಗಳಿದ್ದವು, ಅಷ್ಟೇ.

ಅವರಲ್ಲಿ ಹಿರಿಯಳು ಎದ್ದು ನನ್ನ ಹಿಂದೆ ಬಂದಳು. "ಹುಷಾರ್ರಿ ಮೇಡಂ, ಇನ್ನಾ ಹಸಿ ಐತಿ. ಒಂದ್ ಚೂರೂ ಬಿಟ್ಟಿಲ್ಲ ನೋಡ್ರಿ. ಈ ಮೂಲ್ಯಾಗಿಂದು ಭಾಳ ಗಟ್ಟಿ ಹಿಡಕೊಂಡಿತ್ತು, ಉಗುರ್ಲೆ ಕೆತ್ತಿ ತಗದೆ," ಎಂದು ಅಂಗೈ ಚಾಚಿದಳು. ಪುಡಿಗೆ ಚರ್ಮ ಸುಲಿದು ಕೆಂಪಗಾಗಿತ್ತು.

"ಯಾರು ಹೇಳಿದ್ರು ನಿಮಗ ಇದನ್ನ ತೆಗೀರಿ ಅಂತ?" ಎಂದು ಕೇಳಿದೆ.

"ಹೊಸಪ್ಯಾಟಿ ಕಾಲೇಜಿನ ಮೇಡಂ ಒಬ್ಬಾಕಿ ಅರ್ಜಿ ಕೊಟ್ಟಿದ್ಲಂತ್ರಿ, ಗ್ವಾಡಿ ಪಾಚಿಗಟ್ಟೈತಿ ಅಂತ. ಆಕಿ ಪುಣ್ಯಾದಾಗ ನಮಗ ಹಬ್ಬದ ಮುಂದ ಕೆಲ್ಸ ಸಿಕ್ತು. ಆಕೀಗಿ ಒಳ್ಳೇದಾಗ್ಲಿ."

ಆ ಮೇಡಂ ನಾನೇ ಎಂದು ಹೇಳಲಿಲ್ಲ. ಅವಳ ಮೇಲೆ ಕೂಗಾಡಬೇಕು ಎಂದು ಬಾಯಿ ತೆರೆದವಳು ಆ ಕೈ ನೋಡಿ ಮುಚ್ಚಿಕೊಂಡೆ. ರೊಟ್ಟಿ ತಿನ್ನಲು ಕರೆದರು. ಹಸಿವಿಲ್ಲ ಎಂದು ಮೇಲೆ ಬಂದೆ.

ಅಲ್ಲಿಂದ ಸೀದಾ ಕಚೇರಿಗೆ ಹೋದೆ. ಗುಮಾಸ್ತರು ನನ್ನ ಹೆಸರು ಕೇಳಿದ್ದೇ ಮುಖ ಅರಳಿಸಿ ಕುರ್ಚಿ ಎಳೆದರು. "ಬರ್ರಿ, ಕುಂದ್ರಿ ಮೇಡಂ. ನಿಮ್ಮ ಕೆಲ್ಸ ಆಗೇತ್ರಿ. ಈ ವರ್ಷ ಬಂದಿದ್ದರಾಗ ಅಗದೀ ಜಲ್ದಿ ಆಗಿದ್ದು ನಿಮ್ಮ ಅರ್ಜಿನ."

"ಓದಿದ್ರೇನ್ರಿ ಅದನ್ನ?"

"ಓದದಂಗ ಹೆಂಗ್ರಿ ಮೇಡಂ?" ಅವರು ಕಡತ ತೆಗೆದು ನನ್ನ ಮುಂದೆ ಇಟ್ಟರು. ವಿಷಯದ ಸಾಲಿನ ಕೆಳಗೆ ಕೆಂಪು ಗೆರೆ ಇತ್ತು. ಕೊನೆಯ ಸಾಲಿನ ಕೆಳಗೂ ಇತ್ತು. ನಡುವಿನ ಎರಡು ಪುಟದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಅಂಚಿನಲ್ಲಿ 'ಸ್ವಚ್ಛಗೊಳಿಸಿ ವರದಿ ನೀಡಿ' ಎಂಬ ಟಿಪ್ಪಣಿ. ನಾನು ನಡುವಿನ ಪುಟವನ್ನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನಿಧಾನಕ್ಕೆ ಓದಿದರು, ಓದುತ್ತ ಮುಖ ಸಪ್ಪಗಾಯಿತು. ಕೆಟ್ಟ ಮನುಷ್ಯರಲ್ಲ. ಕೊನೆಗೆ ತಲೆ ಎತ್ತಿ, "ಅಲ್ರಿ ಮೇಡಂ, ವಿಷಯ ಪಾಚಿ ಅಂತ ಬರದೀರಿ. ಕಡೀಕ ಸೂಕ್ತ ಕ್ರಮ ತಗೋರಿ ಅಂದೀರಿ. ಪಾಚಿಗೆ ಮತ್ತ್ಯಾವ ಕ್ರಮ ಐತ್ರಿ?" ಎಂದು ಕೇಳಿದರು.

ಕಡತ ಮುಚ್ಚಿ ಹೊರಗೆ ಬಂದೆ. ನಾನು ಬರೆಯದೇ ಇದ್ದಿದ್ದರೆ ಆ ಗೋಡೆಯ ನೆನಪು ಯಾರಿಗೂ ಬರುತ್ತಿರಲಿಲ್ಲ. ಯಾರೂ ಇಳಿಯದ ಹೊಂಡ ಅದು. ನಾನೇ ಹುಡುಕಿದೆ, ನಾನೇ ವಿಳಾಸ ಕೊಟ್ಟೆ.

ಗೈಡ್‌ಗೆ ಹೇಳಿದಾಗ ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಇಂಗ್ಲಿಷ್‌ನ್ಯಾಗ ಬರೀಬೇಕಿತ್ರಿ ನೀವು. ತಿಳೀದಿದ್ರ ಸುಮ್ಮನ ಫೈಲಿಗೆ ಹಾಕ್ತಿದ್ರು, ಗೋಡಿ ಉಳೀತಿತ್ತು," ಎಂದು ನಕ್ಕರು. ಆ ನಗುವನ್ನು ನಾನು ಅವರಿಗೆ ಇನ್ನೂ ಕ್ಷಮಿಸಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು ಎಂಬುದಕ್ಕೆ ಸಿಟ್ಟು ಇನ್ನೂ ಹೆಚ್ಚು.

ಉಳಿದದ್ದು ಹೊಂಡ ಸಿಕ್ಕ ವರ್ಷ ಚಿವುಟಿ ತಂದ ಪೊಟ್ಟಣ. ಒಣಗಿದ ಹಾವಸೆಗೆ ಒಂದು ಹನಿ ನೀರು ಬಿಟ್ಟರೆ ಮುದುಡಿದ ಎಲೆಗಳು ಕಣ್ಣೆದುರೇ ಬಿಚ್ಚಿಕೊಳ್ಳುತ್ತವೆ, ನೋಡುವವರಿಗೆ ಜೀವ ಬಂತೆಂದೇ ಅನಿಸುತ್ತದೆ. ಅದರಲ್ಲಿ ಒಂದೆರಡು ಎಳೆಗಳನ್ನು ಮಣ್ಣಿನ ಕುಂಡದಲ್ಲಿಟ್ಟು ಮಳೆನೀರು ಹನಿಸಿ ನೋಡಿದೆ. ಬೂಷ್ಟು ಹಿಡಿಯಿತು. ಮುಂದಿನ ಎರಡು ಮಳೆಗಾಲ ಹೊಂಡಕ್ಕೂ ಹೋದೆ. ಸಂದಿಗಳಲ್ಲಿ ಹಸಿರು ಮರಳಿ ಬಂದಿತ್ತು, ಆದರೆ ಅದು ಹೊಸಪೇಟೆಯ ಪ್ರತಿ ಕಾಂಪೌಂಡಿನ ಮೇಲೂ ಬೆಳೆಯುವ ಜಾತಿ.

ಪ್ರಬಂಧದಲ್ಲಿ ಆ ಗಿಡಕ್ಕೆ ಸಿಕ್ಕದ್ದು ಅರ್ಧ ಸಾಲು: ಗುರುತಿಸಲಾಗಿಲ್ಲ, ನೆಲೆ ಮಾನವ ಹಸ್ತಕ್ಷೇಪದಿಂದ ನಾಶವಾಗಿದೆ. ಮಾನವ ಹಸ್ತಕ್ಷೇಪ ಎಂಬುದು ನಮ್ಮವರ ಕೈಗೆ ಸದಾ ಸಿಗುವ ಪದ, ಅದರೊಳಗೆ ಯಾರನ್ನು ಬೇಕಾದರೂ ಕೂರಿಸಬಹುದು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದೇ ಸಾಲಿನ ಮೇಲೆ ಪೆನ್ನಿಟ್ಟು, "ಹಸ್ತಕ್ಷೇಪ ಅಂದರೆ ಯಾರದ್ದು?" ಎಂದು ಕೇಳಿದರು. ಗೈಡ್ ಮೇಜು ನೋಡುತ್ತ ಕೂತಿದ್ದರು. ಹಿಂದಿನ ಸಾಲಿನಲ್ಲಿ ನನ್ನ ಕಾಲೇಜಿನವರಿದ್ದರು.

"ಸ್ಥಳೀಯರದ್ದು ಸರ್. ಅವರಿಗೆ ಇದರ ಬೆಲೆ ತಿಳಿಯುವುದಿಲ್ಲ," ಎಂದೆ.

ಇಡೀ ಕೋಣೆ ತಲೆದೂಗಿತು. ಒಬ್ಬರಾದರೂ ಮರುಪ್ರಶ್ನೆ ಹಾಕಲಿಲ್ಲ. ಸ್ಥಳೀಯರಲ್ಲಿ ಜಾಗೃತಿ ಮೂಡಿಸಬೇಕು ಎಂಬ ಒಂದು ಮಾತು ಕೊನೆಯಲ್ಲಿ ಸೇರಲಿ ಎಂದು ಪರೀಕ್ಷಕರು ಸಲಹೆ ಕೊಟ್ಟರು. ಅಂದು ಸಂಜೆಯೇ ಕೂತು ಆ ಸಾಲನ್ನು ಸೇರಿಸಿ, ಸಹಿ ಹಾಕಿ, ಡಾಕ್ಟರೇಟ್ ತೆಗೆದುಕೊಂಡೆ.