ಅದೇ ಗೂಬೆ, ಟೋಪಿ ಬೇರೆ

ಗುಂಡ್ಲುಪೇಟೆಯ ನನ್ನ ಮಾವ ಅರಿಶಿನದ ಗುಣ ಹೇಳುವವರು. ಒಣಗಿದ ಕೊಂಬನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿ ಮುರಿಯುತ್ತಾರೆ. ಮುರಿದ ಸದ್ದು ಕೇಳಿ ಎಷ್ಟು ಬಿಸಿಲು ತಿಂದಿದೆ ಎನ್ನುತ್ತಾರೆ, ಒಳಗಿನ ಬಣ್ಣ ನೋಡಿ ಈ ವರ್ಷದ್ದೋ ಹಿಂದಿನದೋ ಎನ್ನುತ್ತಾರೆ. ಮಂಡಿಯಲ್ಲಿ ಅದೇ ಕೊನೆಯ ಮಾತು. ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡ ಮೇಲೆ ಆ ಕೆಲಸ ನಿಂತಿತು. ಕಟ್ಟು ಬಿಚ್ಚಿದಾಗ ಕೈ ನೆಟ್ಟಗಿತ್ತು; ಹೆಬ್ಬೆರಳು ಮಾತ್ರ ಬಗ್ಗುತ್ತಿರಲಿಲ್ಲ. ಎಡಗೈಯಲ್ಲಿ ಮುರಿದರೆ ಸದ್ದು ಸುಳ್ಳು ಹೇಳುತ್ತದೆ ಎಂದು ಅವರೇ ಒಪ್ಪಿಕೊಂಡರು. ಮಂಡಿಯ ಯಜಮಾನರು ಅವರ ಬಾಲ್ಯದ ಸ್ನೇಹಿತರು. ಅವರೂ ಕರೆಯುವುದನ್ನು ಬಿಟ್ಟರು. ಮಾವ ಬೆಳಿಗ್ಗೆ ಎದ್ದು ಬಿಳಿ ಅಂಗಿ ತೊಟ್ಟು ಜಗುಲಿಯಲ್ಲಿ ಕೂರುತ್ತಿದ್ದರು, ಮಧ್ಯಾಹ್ನ ಅಂಗಿ ಬಿಚ್ಚುತ್ತಿದ್ದರು.

ಬೆರಳಿಗೆ ವ್ಯಾಯಾಮ ಬೇಕೆಂದು ಆಸ್ಪತ್ರೆಯವರು ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು. "ಇದು ಏನೂ ಯೋಳಲ್ಲ, ಸುಮ್ಕೆ ಹಿಸುಕುಸ್ಕತದ" ಎಂದು ಮಾವ ಅದನ್ನು ಬೀದಿಯ ನಾಯಿಗೆ ಎಸೆದರು. ಆಗ ನನ್ನ ಹೆಂಡತಿ ತನ್ನ ವಿಡಿಯೋ ಗೇಮನ್ನು ತಂದುಕೊಟ್ಟಳು. ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಗುಂಡಿ ಒತ್ತುವಂಥದು. ಬೆನ್ನಿಗೆ ಚೀಲ ಕಟ್ಟಿಕೊಂಡ ಅಳಿಲೊಂದು ಹಳ್ಳ ಹಾರಿ, ಕಟ್ಟೆ ಹತ್ತಿ, ಕೊನೆಗೆ ಒಂದು ದೊಡ್ಡ ಗೂಬೆಯನ್ನು ಸೋಲಿಸಬೇಕು. ಮೊದಲ ಭಾಗದಲ್ಲಿ ಕಾಲಿಟ್ಟರೆ ಕುಸಿಯುವ ಸೇತುವೆ, ಎರಡನೆಯದರಲ್ಲಿ ಮೇಲಕ್ಕೆ ಎತ್ತಿ ಒಗೆಯುವ ಗಾಳಿ. ಮಾವ ಎರಡನ್ನೂ ಮುಗಿಸಿದರು. ಮೂರನೆಯದು ಬಂದಿದೆಯೆಂದು ತಿಳಿದು ಚಾಮರಾಜನಗರಕ್ಕೆ ಬಸ್ಸು ಹತ್ತಿ ಬಂದು, ಸಾಬರೊಬ್ಬರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಯಂತ್ರಕ್ಕೆ ಸಿಕ್ಕಿಸುವ ಅದರ ಕಾರ್ಡು ಕೊಂಡು ಹೋದರು.

ವಾರ ಕಳೆಯುವುದರೊಳಗೆ ಫೋನು ಬಂತು.

"ಅಳಿಯಂದ್ರೇ, ಆ ಸಾಬ್ರು ನಂಗೆ ಬೆರಕೆ ಮಾಲು ಕೊಟ್ಬುಟ್ಟವ್ರೆ."

"ಏನು ಬೆರಕೆ ಮಾವ?"

"ಒಂದ್ನೇದರ ಸೇತುವೆ, ಎರಡ್ನೇದರ ಗಾಳಿ. ಎರಡ್ನೂ ಕಲಸಿ ಒಸದು ಅಂತ ಮಾರವ್ರೆ. ಗೂಬೆ ಅದೇ ಗೂಬೆ ಕಣಿ, ಟೋಪಿ ಬೇರೆ."

ಹೊಸ ಅರಿಶಿನದ ಮೂಟೆಯಲ್ಲಿ ಹಳೆಯದನ್ನು ಬೆರೆಸಿದ ಅನುಮಾನ ಬಂದರೆ ಅವರ ವ್ಯಾಪಾರದಲ್ಲಿ ಒಂದು ಕ್ರಮವಿದೆ. ಕೊಂಡವರು, ಮಾರಿದವರು, ನಡುವೆ ಒಬ್ಬ ಹಿರಿಯ ಕೂರಬೇಕು. ಮೂಟೆಯ ಬಾಯಿ, ಹೊಟ್ಟೆ, ಬುಡ ಮೂರೂ ಕಡೆಯಿಂದ ಕೊಂಬು ತೆಗೆದು ನೋಡಬೇಕು. ಬೆರಕೆ ಎಂದಾದರೆ ಮಾಲು ವಾಪಸು. ಒಮ್ಮೆ ಹೇಳಿದ ತೀರ್ಪನ್ನು ತಿರುಗಿಸಿದವರ ಮಾತನ್ನು ಮತ್ತೆ ಯಾರೂ ಕೇಳುವುದಿಲ್ಲ. ನಡುವೆ ಕೂರಲು ಮಾವ ಮಂಡಿಯ ಯಜಮಾನರನ್ನೇ ಕರೆದರು. ಕರೆದಾಗ ಬರುವುದಿಲ್ಲ ಎನ್ನುವ ಹಾಗಿಲ್ಲ. ಆ ದಿನ ನನಗೆ ಜಿಲ್ಲಾಡಳಿತ ಭವನದಲ್ಲಿ ಸಭೆಯೊಂದರ ವರದಿಯಿತ್ತು. ಅದನ್ನು ಬಿಟ್ಟು ನಾನೂ ಅಂಗಡಿಗೆ ಹೋದೆ.

ಅಂಗಡಿಯವರು ಸ್ಟೂಲುಗಳನ್ನು ಹಾಕಿ ಚಹಾ ತರಿಸಿದರು. ವಿಷಯ ತಿಳಿದು ತಮ್ಮ ಗ್ಲಾಸು ಕೆಳಗಿಟ್ಟರು.

"ಯಜಮಾನ್ರೇ, ಆಟ ನಾನು ಮಾಡಿದ್ದಲ್ಲ, ಮಾರಿದ್ದು ಅಷ್ಟೇ."

"ಅರಿಶಿನ ನಾನೇನು ಹೆತ್ತಿದ್ನಾ? ಬೆರೆತಿದ್ರೆ ನನ್ನೇ ಅಲ್ವಾ ಹಿಡ್ಕಳದು?" ಎಂದರು ಮಾವ.

ಅದು ಸರಿ ಎಂದು ಅಂಗಡಿಯವರು ತಲೆದೂಗಿದರು. ವಿಚಾರಣೆ ಶುರುವಾಯಿತು. ಮಾವ ಮೊದಲ ಹಂತ ಆಡಿ ತೋರಿಸಿದರು: ಮೂಟೆಯ ಬಾಯಿ. ಸೇತುವೆ ಕುಸಿಯಿತು. ನಡುವಿನ ಹಂತ ಆಡಿದರು: ಹೊಟ್ಟೆ. ಗಾಳಿ ಬೀಸಿತು, ಸೇತುವೆಯೂ ಕುಸಿಯಿತು.

"ಹೋದ ವರ್ಷದ ಗಡ್ಡೆನೇ ಹೂತು ಈ ವರ್ಷ ಹೊಸ ಅರಿಶಿನ ಅನ್ನಲ್ವಾ ನೀವು? ಇದೂ ಬಿತ್ತನೆ ಅಂದ್ಕಳಿ" ಎಂದರು ಅಂಗಡಿಯವರು.

ಮಂಡಿಯ ಯಜಮಾನರು ಯೋಚಿಸಿ ಹೇಳಿದರು: "ಬಿತ್ತನೆ ಮಣ್ಣೊಳಗೆ ಸವೀತದ ಸಾಬ್ರೇ. ಇಲ್ಲಿ ಗೂಬೆ ಅಂಗೇ ಕೂತದಲ್ಲ?"

"ಗೂಬೆ ಇನ್ನೂ ಬಂದಿಲ್ಲ. ಬುಡ ನೋಡದೆ ತೀರ್ಪು ಹೇಳ್ತೀರಾ?"

ಈ ಆಕ್ಷೇಪವೂ ನ್ಯಾಯವಾಗಿತ್ತು. ಗೂಬೆಯ ಹಂತ ತಲುಪುವುದು ಸುಲಭವಲ್ಲ. ಮಾವ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಸ್ಕ್ರೀನ್ ಗಾರ್ಡ್ ಹಾಕಿಸಲು ಬಂದಿದ್ದ ಇಬ್ಬರು ತಮ್ಮ ಕೆಲಸ ಮರೆತು ಹಿಂದೆ ನಿಂತರು. "ಹಳ್ಳ ಬಂತು, ಆರಿ, ಆರಿ" ಎಂದು ಒಬ್ಬ ಹೇಳಿದ. "ಸುಮ್ಕಿರ್ಲಾ, ನ್ಯಾಯ ನಡೀತಾ ಅದ" ಎಂದ ಇನ್ನೊಬ್ಬ. ನಾನು ನೋಡಿದಂತೆ, ಮಂಡಿಯ ಯಜಮಾನರೊಬ್ಬರೇ ಪರದೆಯನ್ನು ನೋಡುತ್ತಿರಲಿಲ್ಲ. ಅವರು ಮಾವನ ಹೆಬ್ಬೆರಳು ನೋಡುತ್ತಿದ್ದರು.

ಗೂಬೆ ಬಂತು. ಟೋಪಿ ಇತ್ತು. ಅಳಿಲು ಸತ್ತಿತು.

"ಬೆರಕೆ" ಎಂದರು ಮಾವ.

"ಬೆರಕೆನೇಯ" ಎಂದರು ಮಂಡಿಯ ಯಜಮಾನರು. ಹಾಗೆಂದವರು ಜೇಬಿನಿಂದ ಒಂದು ಅರಿಶಿನದ ಕೊಂಬು ತೆಗೆದು ಮಾವನ ಮುಂದೆ ಹಿಡಿದರು. "ಇದ ಒಸಿ ಮುರೀರಿ."

ಮಾವ ಮುರಿದರು. ಬಲಗೈಯಲ್ಲೇ. ಅಂಗಡಿಯ ಫ್ಯಾನಿನ ಸದ್ದಿನಲ್ಲೂ ಅದು ಟಣ್ಣೆಂದದ್ದು ಕೇಳಿಸಿತು.

"ಒಂದು ಬಿಸ್ಲು ಕಮ್ಮಿ" ಎಂದರು.

"ಸೋಮಾರ ಮಂಡಿಗೆ ಬಂದ್ಬುಡಿ."

ಮಾವ ಹೂಂ ಎಂದರು. ಅಂಗಡಿಯವರು ಮಾವನತ್ತ ಕೈ ಚಾಚಿದರು. "ಸರಿ ಯಜಮಾನ್ರೇ, ತಪ್ಪು ನಮ್ದೇ. ಮಾಲು ವಾಪಸ್ ಕೊಡಿ."

ಗೆದ್ದರೆ ಕಾರ್ಡು ಹೋಗುತ್ತದೆ ಎಂಬುದು ಆ ಕ್ಷಣದವರೆಗೂ ಮಾವನಿಗೆ ಹೊಳೆದಿರಲಿಲ್ಲ ಎಂದು ಅವರ ಮುಖ ಹೇಳುತ್ತಿತ್ತು. ಹೊಸ ಟೋಪಿಯ ಗೂಬೆಯನ್ನು ಅವರಿನ್ನೂ ಒಮ್ಮೆಯೂ ಸೋಲಿಸಿರಲಿಲ್ಲ.

"ಸಾಬ್ರು ಹೇಳಿದ್ರಲ್ಲ, ಬಿತ್ತನೆ ಅಂತ..." ಎಂದು ಶುರುಮಾಡಿದರು. ಸ್ನೇಹಿತರ ಕಡೆ ನೋಡಿದರು. ಅವರು ಮುರಿದ ಕೊಂಬಿನ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು, ಮುಂದಿನ ಮಾತಿಗೆ ಕಾಯುತ್ತಿದ್ದರು. ಮಾವ ಮಾತು ನಿಲ್ಲಿಸಿ ಕಾರ್ಡು ಕೊಟ್ಟರು. ಬಸ್‌ ನಿಲ್ದಾಣದವರೆಗೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಗುಂಡಿ ಒತ್ತುತ್ತಲೇ ನಡೆದರು.

ಸೋಮವಾರ ಸಂಜೆ ಫೋನು ಬಂತು. ಮಂಡಿಯಲ್ಲಿ ಕೆಲಸ ಚೆನ್ನಾಗಿ ನಡೆಯಿತು, ಉಡಿಗಾಲದ ಕಡೆಯ ಮಾಲು ಒಳ್ಳೆಯದಿತ್ತು ಎಂದರು. ಆಮೇಲೆ ದನಿ ತಗ್ಗಿಸಿದರು.

"ಅಳಿಯಂದ್ರೇ, ಆ ಬೆರಕೆ ಮಾಲು ಇನ್ನೂ ಅಂಗಡೀಲಿ ಅದಾ ಒಸಿ ನೋಡಿ. ಬೆರಕೆ ಅಂತ ಗೊತ್ತಿದ್ದೇ ತಗಂಡ್ರೆ ತಪ್ಪಿಲ್ಲ. ಮಂಡೀಲೂ ಅಂಗೇಯ."

ಮರುದಿನ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಡ್ರಾಯರ್ ಎಳೆದರು.

"ಎತ್ತಿ ಮಡಗಿದ್ದೆ ಸರ್. ನಿಮ್ ಮಾವನೋರು ಆಡಿದ್ದು ಏನೂ ಅಳಿಸಿಲ್ಲ. ಅಳಿಲು ಗೂಬೆ ಮುಂದೆನೇ ನಿಂತದೆ."