ಜೋರಾಗಿ ಹೇಳಿದ ಪ್ರಾರ್ಥನೆ

ಗ್ರೆಟ್ಟಾಬಾಯಿ ಮೊಣಕಾಲೂರಿದರೆ ವೀಸಾ ಕೊಡುವ ಧಣಿ ಕಫೀಲನ ಮನಸ್ಸೂ ಕರಗುತ್ತದೆ ಎಂದು ಮಸ್ಕತ್ತಿನ ರೂವಿಯ ಆ ಐದಂತಸ್ತಿನ ಕಟ್ಟಡದಲ್ಲಿ ಮಾತಿತ್ತು. ಕೆಳಗಿನ ಮನೆಯ ರುಕಿಯಾ ಮಾತ್ರ, ಬಾಯಿಯ ತೇರ್ಸು ನಮ್ಮ ಬಾಂಗಿಗಿಂತ ಜೋರು ಎಂದು ನಗುತ್ತಿದ್ದಳು. ತೇರ್ಸು ಎಂದರೆ ಜಪಮಾಲೆಯ ಪ್ರಾರ್ಥನೆ.

ಗ್ರೆಟ್ಟಾ ಕಿನ್ನಿಗೋಳಿ ಕಡೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಸ್ಕತ್ತಿಗೆ ಬಂದು, ಅಬಾಯಾ ಹೊಲಿಯುವ ಅಂಗಡಿಯ ಮೂಲೆಯಲ್ಲಿ ಇಪ್ಪತ್ತೆರಡು ವರ್ಷ ಸೂಜಿ ಹಿಡಿದವಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಆದರೆ ಅಕ್ಟೋಬರ್ ಬಂತೆಂದರೆ ಅವಳೇ ರಾಣಿ. ಆ ತಿಂಗಳು ಮಾತೆ ಮರಿಯಳ ಮೂರ್ತಿ ದಿನಕ್ಕೊಂದು ಮನೆಗೆ ಹೋಗುತ್ತದೆ, ಸಂಜೆ ಎಲ್ಲರೂ ಅಲ್ಲಿ ಸೇರಿ ತೇರ್ಸು ಹೇಳುತ್ತಾರೆ. ಹೇಳಿಸುವವಳು ಗ್ರೆಟ್ಟಾಬಾಯಿ. ಪ್ರತಿ ಹತ್ತು ಮಣಿಗೆ ಮುಂಚೆ, ಇದು ಯಾರಿಗಾಗಿ ಎಂದು ಸಾರುವವಳೂ ಅವಳೇ. ಒಬ್ಬರ ವೀಸಾ, ಇನ್ನೊಬ್ಬರ ಸಕ್ಕರೆ ಕಾಯಿಲೆ. ಆಗ ಅವಳ ದನಿಗೊಂದು ತೂಕ ಬರುತ್ತಿತ್ತು. ಯಾರ ಮನೆಯ ಒಲೆಯಲ್ಲಿ ಏನು ಬೇಯುತ್ತಿದೆಯೆಂದು ಎಲ್ಲರಿಗಿಂತ ಮೊದಲು ತನಗೆ ಗೊತ್ತು ಎಂಬ ತೂಕ.

ಅದೇ ಅಂತಸ್ತಿನಲ್ಲಿ ಹೇಝಲ್ ಇದ್ದಳು, ಮದುವೆಯಾಗಿ ನಾಲ್ಕು ವರ್ಷವಾಗಿದ್ದ ಹುಡುಗಿ. ಒಂದು ಮಧ್ಯಾಹ್ನ ಗ್ರೆಟ್ಟಾಳ ಕೋಣೆಗೆ ಬಂದು ಅಳುತ್ತಾ ಕೂತಳು. ಮೂರು ಸಲ ಬಸಿರು ನಿಂತಿರಲಿಲ್ಲವಂತೆ. ಗಂಡನನ್ನು ಬಿಟ್ಟು ಯಾರಿಗೂ ತಿಳಿಯದು, ಅತ್ತೆಗಂತೂ ತಿಳಿಯಲೇಬಾರದು, ಮಾತೆಯ ಹತ್ತಿರ ಮಾತ್ರ ಹೇಳಿ ಬಾಯಿ ಎಂದಳು. ಗ್ರೆಟ್ಟಾ ಅವಳ ತಲೆ ಸವರಿ ಮಾತು ಕೊಟ್ಟಳು.

ಅಕ್ಟೋಬರಿನಲ್ಲಿ ಮೂರ್ತಿ ಹೇಝಲಳ ಮನೆಗೇ ಬಂತು. ವಿಸಿಟ್ ವೀಸಾದಲ್ಲಿ ಶಿರ್ವದಿಂದ ಬಂದಿದ್ದ ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಮೂರನೆಯ ಹತ್ತು ಮಣಿಗೆ ನೆನೆಯುವ ರಹಸ್ಯ ಬಾಲಯೇಸುವಿನ ಜನನದ್ದು. ಗ್ರೆಟ್ಟಾಳಿಗೆ ಎದೆ ತುಂಬಿ ಬಂತು, ದನಿ ಏರಿತು. ಮೂರು ಸಲ ಬಸಿರು ಕಳಕೊಂಡ ನಮ್ಮ ಹೇಝಲಳ ಮಡಿಲು ತುಂಬು ತಾಯೇ, ಎಂದಳು. ಹದಿನಾರು ಜನ ಕೇಳಿಸಿಕೊಂಡರು. ಅತ್ತೆಯ ಬೆರಳು ಮಣಿಯ ಮೇಲೇ ನಿಂತಿತು. ಹೇಝಲ್ ಎದ್ದು ಅಡುಗೆಮನೆಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಮರುದಿನದಿಂದ ಆ ಮನೆಯ ಬಾಗಿಲು ಇವಳಿಗೆ ತೆರೆಯಲಿಲ್ಲ. ನಾನೇನು ಚಾಡಿ ಹೇಳಿದೆನೇ, ದೇವರಿಗಲ್ಲವೇ ಹೇಳಿದ್ದು ಎಂದು ಗ್ರೆಟ್ಟಾ ಸಿಕ್ಕವರ ಮುಂದೆಲ್ಲ ವಾದಿಸಿದಳು. ಹೆಚ್ಚಿನವರು ಹೌದೌದು ಎಂದರು. ಪತ್ತಿರ್ ರೊಟ್ಟಿ ಕೊಡಲು ಬಂದ ರುಕಿಯಾ ಕೊನೆಯವರೆಗೂ ಕೇಳಿ, ತಟ್ಟೆ ಕೆಳಗಿಟ್ಟಳು.

"ದೇವರಿಗೆ ಕಿವಿ ಉಂಟಲ್ಲ ಬಾಯಿ. ಹದಿನಾರು ಮಂದಿಗೆ ಕೇಳುವ ಹಾಗೆ ಯಾಕೆ ಹೇಳಿದ್ದು?"

ರುಕಿಯಾ ಹೋದ ಮೇಲೆ ಗ್ರೆಟ್ಟಾ ಬಾಗಿಲು ಹಾಕಿಕೊಂಡಳು. ಆಯಿತು, ಹೇಝಲಳಿಗಾಗಿ ಒಬ್ಬಳೇ ಪ್ರಾರ್ಥಿಸುತ್ತೇನೆ ಎಂದು ಶಿಲುಬೆಯ ಮುಂದೆ ಕೂತಳು. ಕೂತವಳು ಮೊದಲು ಗಂಟಲು ಸರಿಮಾಡಿಕೊಂಡಳು, ಸೆರಗು ಎಳೆದುಕೊಂಡಳು. ಯಾರಿಗಾಗಿ? ಕೋಣೆಯಲ್ಲಿ ಕೇಳುವವರೇ ಇರಲಿಲ್ಲ. ಕೇಳುವವರಿಲ್ಲದೆ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಇಷ್ಟು ವರ್ಷ ತಾನು ಯಾರ ಜೊತೆ ಮಾತಾಡುತ್ತಿದ್ದೆ ಎಂದು ಹೊಳೆದಾಗ ಕಿವಿಯ ತುದಿಯವರೆಗೂ ಬಿಸಿಯಾಯಿತು.

ಶುಕ್ರವಾರ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದಳು. ಪ್ರಾಯಶ್ಚಿತ್ತಕ್ಕೆ ಐದೋ ಹತ್ತೋ ಜಪ ಹೇಳುತ್ತಾರೆಂದು ಕಾದಿದ್ದಳು. ಪಾದ್ರಿಗಳು, ಮೊದಲು ಆ ಹುಡುಗಿಯ ಬಾಗಿಲಿಗೆ ಹೋಗಿ, ದೇವರ ಬಾಗಿಲು ಎಲ್ಲಿಗೂ ಹೋಗುವುದಿಲ್ಲ ಎಂದರು. ಹತ್ತು ಹೆಜ್ಜೆಯ ದಾರಿ. ಬೆಲ್ಲಿನವರೆಗೆ ಹೋದ ಕೈ ದಿನವೂ ಹಿಂದೆ ಬಂತು. ತಿಂಗಳು ಕಳೆಯಿತು, ಅತ್ತೆ ಊರಿಗೆ ಹೋದರು. ಅಷ್ಟರಲ್ಲಿ ಅಂಗಡಿ ಮುಚ್ಚಿತು, ವೀಸಾ ಖಲಾಸ್. ಹೊರಡಲು ಮೂರು ದಿನ ಉಳಿದಾಗ ಬೆಲ್ ಒತ್ತಿದಳು.

"ತಪ್ಪಾಯ್ತು ಹೇಝಲ್. ನಾನು ಮಾತೆಗೆ ಹೇಳಿದ್ದಲ್ಲ, ಜನರಿಗೆ ಹೇಳಿದ್ದು. ನನಗೆ ದೊಡ್ಡವಳಾಗಬೇಕಿತ್ತು."

ಹೇಝಲ್ ಬಾಗಿಲನ್ನು ಹಿಡಿದುಕೊಂಡೇ ಹೇಳಿದಳು.

"ಫಲ ಇಲ್ಲದ ಮರ ಅಂತ ಹೇಳಿ ಹೋದ್ರು ಅತ್ತೆ. ನಿಮ್ಮ ಮೇಲೆ ಹಗೆ ಇಟ್ಟುಕೊಳ್ಳುವುದಿಲ್ಲ ಬಾಯಿ. ಒಂದು ಉಪಕಾರ ಮಾಡಿ. ಇನ್ನು ನನಗೋಸ್ಕರ ಪ್ರಾರ್ಥನೆ ಮಾಡಬೇಡಿ."

ಬಾಗಿಲು ಮೆಲ್ಲಗೆ ಮುಚ್ಚಿತು. ಧಡಾರೆಂದು ಮುಚ್ಚಿದ್ದರೆ ಚೆನ್ನಾಗಿತ್ತು ಎನ್ನಿಸಿತು ಗ್ರೆಟ್ಟಾಳಿಗೆ.

ಹೊರಡುವ ದಿನ ಎಲ್ಲರೂ ಬಂದರು, ಹೇಝಲ್ ಒಬ್ಬಳನ್ನು ಬಿಟ್ಟು. ಕೊನೆಯದಾಗಿ ಒಂದು ಪ್ರಾರ್ಥನೆ ಹೇಳಿಸಿ ಬಾಯಿ ಎಂದು ಕೇಳಿಕೊಂಡರು. ನನ್ನಿಂದ ಆಗುವುದಿಲ್ಲ ಎಂದಳು. ಎಂಥ ವಿನಯ ನೋಡಿ ಎಂದು ಹೊಗಳಿದರು, ಆ ಹೊಗಳಿಕೆ ಚೇಳಿನಂತೆ ಕುಟುಕಿತು. ಅವರು ಪೆಟ್ಟಿಗೆಗಳನ್ನು ಹೊತ್ತು ಟ್ಯಾಕ್ಸಿಯ ಕಡೆ ಇಳಿದರು.

ಗೋಡೆಯಲ್ಲಿ ಶಿಲುಬೆ ಇಳಿಸಿದ ಬಿಳಿ ಗುರುತಿತ್ತು. ಅದರ ಮುಂದೆ ಮೊಣಕಾಲೂರಿದಳು. ಹೇಝಲಳ ಹೆಸರು ತುಟಿಗೆ ಬಂತು, ನುಂಗಿಕೊಂಡಳು. ಬೇರೆ ಯಾವ ಹೆಸರೂ ಬರಲಿಲ್ಲ. ಕದ್ದು ಸಿಕ್ಕಿಬಿದ್ದ ಮಗು ತಾಯಿಯೆದುರು ಕೂರುವಂತೆ ತಲೆ ತಗ್ಗಿಸಿ ಕೂತಳು, ಏನೂ ಕೇಳದೆ. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದಾಗ ಎದ್ದು, ಬೀಗ ಹಾಕಿದಳು.

ಲಿಫ್ಟಿಗೆ ಹೋಗಲು ಹೇಝಲಳ ಮನೆ ದಾಟಬೇಕು. ಒಳಗೆ ಒಗ್ಗರಣೆ ಚಟಗುಟ್ಟುತ್ತಿತ್ತು. ಗಾಲಿಯ ಸದ್ದು ಕೇಳಿಸದಿರಲೆಂದು ಗ್ರೆಟ್ಟಾ ಸೂಟ್‌ಕೇಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಉಸಿರು ಬಿಗಿಹಿಡಿದು, ಆ ಬಾಗಿಲನ್ನು ದಾಟಿದಳು.