ಮಮತಳ ಕೈಸನ್ನೆ

ದೇವನಹಳ್ಳಿ ಹತ್ತಿರದ ವಿಜಯಪುರದ, ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಯಲ್ಲಿ ಮಮತ ಹದಿನೆಂಟನೇ ವಯಸ್ಸಿಗೇ ಕೆಲಸಕ್ಕೆ ನಿಂತವಳು. ಅಲ್ಲಿ ಮಿಷನ್ನುಗಳ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ನೂಲು ಕಡಿದಿದೆ, ಮಿಷನ್ ನಿಲ್ಲಿಸು, ಊಟಕ್ಕೆ ಹೋಗೋಣ, ಎಲ್ಲವನ್ನೂ ಹೆಂಗಸರು ಕೈಯಲ್ಲೇ ಹೇಳಿಕೊಳ್ಳುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಕಾರ್ಖಾನೆಯವರು ಅರ್ಧ ಜನರನ್ನು ಕೆಲಸದಿಂದ ಬಿಡಿಸಿದಾಗ ಅವಳೂ ಮನೆಗೆ ಬಂದಳು. ಅದೇ ವರ್ಷ ಊರಿನ ಪಕ್ಕದಲ್ಲೇ ಕುಡಿಯುವ ನೀರಿನ ದೊಡ್ಡ ಪೈಪ್‌ಲೈನ್ ಕೆಲಸ ಶುರುವಾಗಿತ್ತು. ಗಂಡ ಜಯಕುಮಾರ್ ಟೆಂಪೊ ಓಡಿಸುತ್ತಿದ್ದ. ಸೈಟಿಗೆ ಮರಳು ಹಾಕಲು ಹೋದವನು ಇಂಜಿನಿಯರ್ ಮುನೀಂದ್ರರನ್ನು ಮಾತಾಡಿಸಿ, ಅವಳಿಗೆ ಅಲ್ಲಿ ಕೆಲಸ ಕೇಳಿ ಬಂದ.

ಮೊದಮೊದಲು ರಸ್ತೆಯಲ್ಲಿ ಕೆಂಪು ಬಾವುಟ ಹಿಡಿದು ಗಾಡಿಗಳನ್ನು ನಿಲ್ಲಿಸುವುದಷ್ಟೇ ಅವಳ ಕೆಲಸ. ಆಮೇಲೆ ಮಣ್ಣು ಅಗೆಯುವ ಹಿಟಾಚಿ ಯಂತ್ರಕ್ಕೆ ಸನ್ನೆ ಕೊಡುವುದಕ್ಕೆ ಹಾಕಿದರು. ಕಬ್ಬಿಣದ ಪೈಪನ್ನು ಬೆಲ್ಟಿಗೆ ಕಟ್ಟಿ, ಹಿಟಾಚಿಯ ಕೈಗೆ ನೇತುಹಾಕಿ, ಆಳುದ್ದದ ಗುಂಡಿಗೆ ಇಳಿಸಬೇಕು. ಮೇಲೆ ಕೂತ ಆಪರೇಟರ್‌ಗೆ ಗುಂಡಿಯ ತಳ ಕಾಣುವುದಿಲ್ಲ. ಅಂಚಿನಲ್ಲಿ ನಿಂತವರ ಕೈಯೇ ಅವನ ಕಣ್ಣು. ಅಂಗೈ ಎತ್ತಿ ಹಿಡಿದರೆ ನಿಲ್ಲಿಸು, ಕೈ ಕೆಳಗೆ ಆಡಿಸಿದರೆ ಇಳಿಸು. ಆಪರೇಟರ್ ಆವತಿ ಊರಿನ ಮಂಜೇಶ್, ಇನ್ನೂ ಮದುವೆಯಾಗದ ಹುಡುಗ. "ನೀವು ನಿಂತ್ರೆ ನಂಗೆ ಧೈರ್ಯ ಕಣಕ್ಕಾ" ಎನ್ನುತ್ತಿದ್ದ. ಗುಂಡಿಯೊಳಗೆ ಪೈಪಿನ ಬಾಯಿಗೆ ಬಾಯಿ ಸೇರಿಸುವವನು ಚಿನ್ನಸ್ವಾಮಿ. ಅವನು ಹೊಸಕೋಟೆ ಕಡೆಯವನು, ಮಾತು ಕಡಿಮೆ.

ಕೆಲಸದಲ್ಲಿ ಫೋನು ಮುಟ್ಟಬಾರದು ಎಂಬ ನಿಯಮ ಮೊದಲಿನಿಂದಲೂ ಇತ್ತು. ಪ್ರತಿದಿನ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಅದನ್ನು ಹೇಳುತ್ತಿದ್ದವರೂ ಮುನೀಂದ್ರರೇ. ಆದರೆ ಬೇಸಿಗೆಯ ಹೊತ್ತಿಗೆ ಕಂಪನಿಯ ಕಚೇರಿಯಿಂದ ಹೊಸ ಅಪ್ಪಣೆ ಬಂತು. ಇಳಿಸುವ ಒಂದೊಂದು ಪೈಪಿನದೂ ಫೋಟೊ ಬೇಕು, ಅದೂ ಪೈಪು ಗಾಳಿಯಲ್ಲಿರುವಾಗಲೇ, ಆ ಕ್ಷಣವೇ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಮುನೀಂದ್ರರಿಗೆ ಅಂಥ ಎರಡು ಸೈಟುಗಳ ಉಸ್ತುವಾರಿ.

"ಮಮತಾ, ನಿಮ್ಮ ಫೋನಲ್ಲಿ ಕ್ಯಾಮೆರಾ ಚೆನ್ನಾಗಿದೆ ಅಲ್ವಾ? ನೀವು ಹೆಂಗಿದ್ರೂ ಅಲ್ಲೇ ನಿಂತಿರ್ತೀರಿ. ಒಂದು ಫೋಟೊ ಹೊಡ್ದು ಹಾಕ್ಬಿಡಿ" ಎಂದರು.

ಮಗಳು ಆಶಾರಾಣಿ ಆರಿಸಿ ಕೊಡಿಸಿದ್ದ ಫೋನು ಅದು. ಮಮತ ಒಪ್ಪಿಕೊಂಡಳು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸನ್ನೆ. ವಾರ ಕಳೆಯುವಷ್ಟರಲ್ಲಿ ಅದು ರೂಢಿಯಾಗಿ, ಎರಡು ಕೆಲಸ ಮಾಡುತ್ತಿದ್ದೇನೆ ಎನ್ನುವುದೇ ಅವಳಿಗೆ ಮರೆತುಹೋಯಿತು.

ಪಿಯುಸಿ ಫಲಿತಾಂಶದ ದಿನ ಆಶಾರಾಣಿ ಮನೆಯಲ್ಲಿ ಊಟ ಬಿಟ್ಟು ಕೂತಿದ್ದಳು. ಸೈಟಿನಲ್ಲಿ ಬಿಸಿಲು ಜೋರಾಗಿತ್ತು. ಪೈಪು ಅರ್ಧ ಇಳಿದಾಗ ಗುಂಡಿಯ ತಳದಲ್ಲಿ ಒಂದು ಕಲ್ಲು ಕಂಡಿತು. ಮಮತ ಅಂಗೈ ಎತ್ತಿ ನಿಲ್ಲಿಸಿದಳು. ಮಂಜೇಶ್ ನಿಲ್ಲಿಸಿದ. ಅವಳ ಕೈ ನೋಡಿಯೇ ಚಿನ್ನಸ್ವಾಮಿ ಕಲ್ಲು ತೆಗೆಯಲು ಪೈಪಿನ ಕೆಳಗೆ ಕಾಲಿಟ್ಟ.

ಪೈಪು ಹೇಗೂ ನಿಂತಿದೆ, ಫೋಟೊ ತೆಗೆಯೋಣ ಎಂದು ಅವಳು ಫೋನು ಎತ್ತಿದಳು. ಅಷ್ಟರಲ್ಲಿ ಮಗಳ ಮೆಸೇಜು ಮೇಲೆ ಮೂಡಿತು: "ಅಮ್ಮಾ ರಿಸಲ್ಟ್ ಬಂತು". ಮುಂದಿನದು ಓದಲು ಬಲಗೈ ಬೆರಳಿನಿಂದ ಪರದೆಯನ್ನು ಕೆಳಕ್ಕೆ ಎಳೆದಳು. ಮೆಸೇಜು ತೆರೆಯಲಿಲ್ಲ. ಮತ್ತೊಮ್ಮೆ ಎಳೆದಳು.

ಧೂಳು ಹಿಡಿದ ಗಾಜಿನ ಹಿಂದೆ ಕೂತಿದ್ದ ಮಂಜೇಶನಿಗೆ ಕಂಡಿದ್ದು ಎರಡು ಸಲ ಕೆಳಗೆ ಬಂದ ಕೈ. ಅವನು ಇಳಿಸಿದ.

ಕೂಗು ಕೇಳಿ ಮಮತ ತಲೆ ಎತ್ತಿದಳು. "ಎತ್ತು, ಎತ್ತು" ಎಂದು ಎರಡೂ ಕೈ ಬೀಸಿದಳು. ಫೋನು ಎಲ್ಲಿ ಬಿತ್ತೋ ನೋಡಲಿಲ್ಲ. ಪೈಪು ಮೇಲೆದ್ದಾಗ ಚಿನ್ನಸ್ವಾಮಿಯ ಬಲಗಾಲಿನ ಬೂಟು ಅಪ್ಪಚ್ಚಿಯಾಗಿತ್ತು. ಅವನನ್ನು ಹಲಗೆಯ ಮೇಲೆ ಮಲಗಿಸಿ ಮೇಲೆ ತಂದು ದೇವನಹಳ್ಳಿಗೆ, ಅಲ್ಲಿಂದ ಬೆಂಗಳೂರಿಗೆ ಕರೆದುಕೊಂಡು ಹೋದರು. ಜೀವಕ್ಕೆ ಅಪಾಯವಾಗಲಿಲ್ಲ. ಪಾದದ ಮೂಳೆಗಳಿಗೆ ರಾಡು ಹಾಕಿದರು, ಎರಡು ಬೆರಳು ತೆಗೆದರು.

ಮಗಳು ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಳು. ಮಮತಳಿಗೆ ಅದು ತಿಳಿದದ್ದು ಸಂಜೆ ಮನೆಗೆ ಹೋದ ಮೇಲೆ. ಅಮ್ಮನ ಮುಖ ನೋಡಿ ಆಶಾರಾಣಿ ಅಂಕವನ್ನಷ್ಟೇ ಹೇಳಿದಳು. ಮೆಸೇಜಿನ ವಿಷಯವನ್ನು ಮಮತ ಅವಳಿಗೆ ಹೇಳಲಿಲ್ಲ, ಜಯಕುಮಾರನಿಗೆ ಹೇಳಿದಳು. "ಅವಳ ತಲೇಗೆ ಇದನ್ನ ಹಾಕ್ಬೇಡ" ಎಂದ ಅವನು.

ವಿಚಾರಣೆಗೆ ಕಂಪನಿಯಿಂದ ಇಬ್ಬರು ಬರುವ ದಿನ ಮಂಜೇಶ್ ಅವಳನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ಚಿನ್ನಸ್ವಾಮಿ ಅಣ್ಣ ತಾನಾಗೇ ಪೈಪ್ ಕೆಳಗೆ ಹೋದ್ರು ಅಂತ ಹೇಳ್ಬಿಡಿ. ನೀವೂ ಉಳ್ಕೋತೀರಿ, ನಾನೂ ಉಳ್ಕೋತೀನಿ. ಕಂಪನಿಯವ್ರೇ ಹಂಗೆ ಬರ್ಕೊಂಡು ಬಂದಿದಾರಂತೆ."

"ನಿಂದೇನೂ ತಪ್ಪಿಲ್ಲ ಬಿಡು. ನೀನು ಕೈ ನೋಡ್ದೆ, ಇಳಿಸ್ದೆ. ಅದನ್ನೇ ಹೇಳ್ತೀನಿ."

"ನಿಮ್ಮ ಕೆಲ್ಸ ಹೋಗುತ್ತಲ್ಲಕ್ಕಾ."

"ಹೋದ್ರೆ ಹೋಗುತ್ತೆ. ನಾನು ನಿಲ್ಲಿಸಿದ್ದಕ್ಕೇ ಅಲ್ವೇನೋ ಅವನು ಕೆಳಗೆ ಹೋಗಿದ್ದು?"

ಅವಳು ಒಳಗೆ ಹೋದಳು. ನಡೆದದ್ದನ್ನು ನಡೆದ ಹಾಗೆ ಹೇಳಿದಳು: ಮೆಸೇಜು ಬಂದಿದ್ದು, ಬೆರಳು ಎಳೆದದ್ದು. ಬಂದವರಲ್ಲಿ ಒಬ್ಬರು, "ಫೋನು ಯಾಕೆ ಕೈಲಿತ್ತು?" ಎಂದರು. ಹಿಂದೆ ನಿಂತಿದ್ದ ಮುನೀಂದ್ರರು, "ಫೋಟೊ ತೆಗೀರಿ ಅಂತ ನಾನೇ ಹೇಳಿದ್ದೆ ಸರ್. ಪೈಪು ಮೇಲಿರೋವಾಗಲೇ ತೆಗೀಬೇಕು ಅಂತ ಆಫೀಸಿಂದ ಬಂದಿತ್ತು" ಎಂದರು. ಆ ಮಾತು ಆಡಲು ಅವರಿಗೂ ಸುಲಭವಾಗಿರಲಿಲ್ಲ. ಕೊನೆಗೆ ಮಮತಳನ್ನು ಒಂದು ತಿಂಗಳು ಕೆಲಸದಿಂದ ದೂರ ಇಟ್ಟರು. ಆಸ್ಪತ್ರೆಯ ಖರ್ಚನ್ನು ಕಂಪನಿ ನೋಡಿಕೊಂಡಿತು. ಫೋಟೊ, ಪೈಪು ತಳ ಮುಟ್ಟಿ ಬೆಲ್ಟು ಬಿಚ್ಚಿದ ಮೇಲೆ ಸಾಕು ಎಂದಾಯಿತು.

ಆ ತಿಂಗಳಲ್ಲಿ ಅವಳು ಆಸ್ಪತ್ರೆಗೆ ಹೋದಳು. ಚಿನ್ನಸ್ವಾಮಿ ನಿದ್ದೆಯಲ್ಲಿದ್ದ. ಹೆಂಡತಿ ಲಕ್ಕಮ್ಮ ಹಾಸಿಗೆಯ ಪಕ್ಕ ಕೂತಿದ್ದಳು. ಮಮತ ತಾನು ಯಾರೆಂದು ಹೇಳಿ, ತಪ್ಪು ತನ್ನದೇ ಎಂದಳು.

ಲಕ್ಕಮ್ಮ ಗಂಡನ ಹೊದಿಕೆ ಸರಿಮಾಡಿದಳು. ಆಮೇಲೆ, "ನಿಮ್ಮನ್ನ ಬಯ್ಯೋಕೂ ನಂಗೆ ತ್ರಾಣ ಇಲ್ಲ ಕಣಮ್ಮ. ಇವ್ರು ಇನ್ಮೇಲೆ ಗುಂಡಿಗೆ ಇಳಿಯೋ ಹಂಗಿಲ್ಲವಂತೆ. ಅಲ್ಲಿ ಇವ್ರಿಗೆ ಬೇರೆ ಏನು ಕೆಲ್ಸ ಐತೆ, ಕೇಳ್ಕೊಂಡು ಬಂದು ಹೇಳಿ. ಅಷ್ಟು ಮಾಡಿ" ಎಂದಳು.

ಮಮತ ಕೆಲಸಕ್ಕೆ ಮರಳಿದಾಗ ಸೈಟಿನಲ್ಲಿ ಫೋನುಗಳನ್ನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಆದರೆ ಆ ನಿಯಮ ನಡೆಯುತ್ತಿರಲಿಲ್ಲ. ಮಂಜೇಶನ ತಾಯಿಗೆ ಹುಷಾರಿರಲಿಲ್ಲ. ಅವನು ಪೆಟ್ಟಿಗೆಗೆ ಹಳೆಯದೊಂದು ಫೋನು ಹಾಕಿ, ದಿನಾ ಬಳಸುವುದನ್ನು ಸೀಟಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಉಳಿದವರೂ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇಳಿಯುತ್ತಿದ್ದರು.

ಮಮತ ಮುನೀಂದ್ರರ ಹತ್ತಿರ ಹೋದಳು.

"ಸರ್, ಬೀಗ ಹಾಕಿದ್ರೆ ಯಾರೂ ಕೊಡಲ್ಲ. ಮನೇಲಿ ಏನಾದ್ರೂ ಆದ್ರೆ ಅಂತ ಎಲ್ರಿಗೂ ಭಯ. ಫೋನು ಎತ್ಕೊಂಡು ಮಾತಾಡೋಕೆ ಒಬ್ರು ಕೂತಿದ್ರೆ ಕೊಡ್ತಾರೆ."

"ಅದಕ್ಕೆ ಬೇರೆ ಆಳು ಎಲ್ಲಿಂದ ತರ್ಲಿ?"

"ಚಿನ್ನಸ್ವಾಮಿ ಬರ್ತಾನೆ. ಕೂತು ಮಾಡೋ ಕೆಲ್ಸ."

ಮುನೀಂದ್ರರು ಕಚೇರಿಗೆ ಬರೆದರು. ಕಚೇರಿಯವರನ್ನು ಒಪ್ಪಿಸಲು ಅವರಿಗೆ ಮಳೆಗಾಲವೆಲ್ಲ ಹಿಡಿಯಿತು. ನಡುವೆ ಎರಡು ಸಲ ಲಕ್ಕಮ್ಮ ಕೇಳಿದಾಗಲೂ ಮಮತ "ಇನ್ನೂ ಏನೂ ಗೊತ್ತಾಗಿಲ್ಲ" ಎಂದೇ ಹೇಳಬೇಕಾಯಿತು. ಕೊನೆಗೆ ಚಿನ್ನಸ್ವಾಮಿ ಕೋಲು ಊರಿಕೊಂಡು ಬಂದ. ಮೊದಲ ದಿನ ಮಮತ ಎದುರಿಗೆ ಬಂದು ನಿಂತಾಗ ಅವನು ಕಣ್ಣು ಬೇರೆ ಕಡೆ ತಿರುಗಿಸಿ, "ಫೋನು ಕೊಡಿ" ಎಂದ. ಅವಳು ಕೊಟ್ಟಳು. ಅವರಿಬ್ಬರ ನಡುವೆ ಮಾತು ಮೊದಲಿನಂತಾಗಲು ಬಹಳ ಕಾಲ ಬೇಕಾಯಿತು. ಪೂರ್ತಿ ಮೊದಲಿನಂತೆ ಆಯಿತು ಎಂದು ಅವಳೂ ಹೇಳುವುದಿಲ್ಲ.

ಟಾರ್ಪಾಲಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಪ್ರತಿ ಫೋನಿಗೂ ಹೆಸರಿನ ಚೀಟಿ ಅಂಟಿಸಿ ಅವನು ಕೂರುತ್ತಾನೆ. ಮಾತು ಕಡಿಮೆಯಿದ್ದವನಿಗೆ ಈಗ ಎಲ್ಲರ ಮನೆಯವರೂ ಪರಿಚಯ. ಯಾರ ಮಗುವಿಗೆ ಜ್ವರ, ಯಾರ ಅತ್ತೆ ಊರಿಂದ ಬಂದಿದ್ದಾರೆ, ಎಲ್ಲ ಅವನಿಗೆ ಗೊತ್ತು. ಎಷ್ಟೇ ಅವಸರದ ಸುದ್ದಿಯಾಗಲಿ, ಪೈಪು ಗಾಳಿಯಲ್ಲಿದ್ದರೆ ಅವನು ಕುರ್ಚಿಯಿಂದ ಏಳುವುದಿಲ್ಲ.

ಮೊನ್ನೆ ಲೈನು ಆವತಿಯ ಹತ್ತಿರ ಬಂದಿತ್ತು. ಪೈಪು ತಳ ಮುಟ್ಟಿತು, ಮಂಜೇಶ್ ಇಂಜಿನ್ ಆರಿಸಿದ, ಮಮತ ಕೈ ಇಳಿಸಿದಳು. ಚಿನ್ನಸ್ವಾಮಿ ಕೋಲು ಊರುತ್ತ ಗುಂಡಿಯ ಅಂಚಿಗೆ ಬಂದು, ಈಗ ಅವನ ಜಾಗದಲ್ಲಿ ಒಳಗೆ ಪೈಪು ಸೇರಿಸುವ ಬೈಲಪ್ಪನನ್ನು ಕರೆದ.

"ಬೈಲಪ್ಪಾ, ನಿಮ್ಮನೆಯಿಂದ ಫೋನ್ ಮಾಡಿದ್ರು. ಹಸು ಕರು ಹಾಕ್ತಂತೆ. ಹೆಣ್ಣು ಕರು."

"ಎಷ್ಟೊತ್ತಾಯ್ತು?"

"ಆಗ್ಲೇ ಆಯ್ತು. ಪೈಪು ಮೇಲಿತ್ತು, ಹೇಳ್ಲಿಲ್ಲ."

ಬೈಲಪ್ಪ ತಲೆಯಾಡಿಸಿ, ಪೈಪಿನ ಬಾಯಿ ಒರೆಸಲು ಬಟ್ಟೆ ತೆಗೆದುಕೊಂಡ.